ಅಪ್ಪನ ಕಾಗದಗಳನ್ನು ಫೈಲಿಗೆ ಹಾಕುವ ಮುಂಚೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ತಂದೆಗೆ 78, ತಾಯಿಗೆ 73. ವ್ಯವಹಾರವೆಲ್ಲ ತಂದೆಯದೇ. ಕಾಗದಗಳು ಬೀರು, ಸೂಟ್‌ಕೇಸು, ಪ್ಲಾಸ್ಟಿಕ್ ಚೀಲಗಳಲ್ಲಿ ಹರಡಿವೆ. ಕಂತು ಕಟ್ಟದೆ ಒಂದು ವಿಮೆ ಪಾಲಿಸಿ ನಿಂತುಹೋದದ್ದು ಈಗಷ್ಟೇ ಗೊತ್ತಾಗಿದೆ. ಕೇಳಿದರೆ ‘ನಾನಿನ್ನೂ ಸತ್ತಿಲ್ಲ’ ಎಂದು ರೇಗುತ್ತಾರೆ. ದೂರದಲ್ಲಿರುವ ಅಣ್ಣ ‘ನೀನೇ ನೋಡ್ಕೋ’ ಅನ್ನುತ್ತಾನೆ, ಆದರೆ ಆಮೇಲೆ ನೂರು ಪ್ರಶ್ನೆ ಕೇಳುತ್ತಾನೆ. ಎರಡು ದಿನ ರಜೆ ಹಾಕಿ ಎಲ್ಲವನ್ನೂ ಫೈಲಿಗೆ ಹಾಕಿಬಿಡಲೇ ಎಂದು ಕೇಳಿದ್ದೀರಿ.

ಹಾಕಬೇಡಿ. ನಾನು ಹಾಗೆ ಮಾಡಿ ಕೆಟ್ಟಿದ್ದೇನೆ.

ಅಪ್ಪ ಒಂದು ವಾರ ಆಸ್ಪತ್ರೆಯಲ್ಲಿದ್ದಾಗ ನಾನು ಆರು ಬಣ್ಣದ ಫೈಲು ತಂದು ಕೂತೆ. ರಬ್ಬರ್ ಬ್ಯಾಂಡು ಕರಗಿ ಕಾಗದಕ್ಕೇ ಅಂಟಿಕೊಂಡ ಕಟ್ಟುಗಳು, ಹಳೇ ಡೈರಿಗಳು, ಒಂದರೊಳಗೊಂದು ತುರುಕಿದ ಲಕೋಟೆಗಳು. ಒಳಗಿನ ರಸೀದಿ ಇಟ್ಟುಕೊಂಡೆ, ಲಕೋಟೆ ಎಸೆದೆ. ಬ್ಯಾಂಕು, ವಿಮೆ, ತೆರಿಗೆ, ಮನೆ ಎಂದು ಚೆಂದವಾಗಿ ವಿಂಗಡಿಸಿ ಬೆನ್ನಿಗೆ ಚೀಟಿ ಅಂಟಿಸಿದೆ. ಅಪ್ಪ ಮನೆಗೆ ಬಂದವರು ಫೈಲುಗಳನ್ನು ನೋಡಿ ಏನೂ ಅನ್ನಲಿಲ್ಲ. ಮೂರನೇ ದಿನ ಕೇಳಿದರು, ‘ಆ ಕಂದು ಲಕೋಟೆ ಎಲ್ಲಿ?’ ಅದರ ಬೆನ್ನ ಮೇಲೆ ಯಾರಿಗೆ ಎಷ್ಟು ಕೈಗಡ ಕೊಟ್ಟಿದ್ದರು, ಯಾರು ಎಷ್ಟು ತೀರಿಸಿದ್ದರು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರಂತೆ. ಬೇರೆಲ್ಲೂ ಆ ಲೆಕ್ಕ ಇರಲಿಲ್ಲ. ಮುಂದೆ ಎರಡು ತಿಂಗಳು ಅವರು ನನ್ನೆದುರು ಬೀರು ತೆರೆಯಲಿಲ್ಲ.

ಅವರ ರಾಶಿಗೂ ಒಂದು ಕ್ರಮ ಇತ್ತು ಅಂತ ತಿಳಿದದ್ದು ಆಮೇಲೆ. ಮನೆ ಕಟ್ಟಿದ ಕಾಲದ್ದೆಲ್ಲ ಒಂದು ಚೀಲ, ಅಕ್ಕನ ಓದಿನ ಕಾಲದ್ದೆಲ್ಲ ಇನ್ನೊಂದು. ಇಸವಿಯಿಂದಲೋ ಬ್ಯಾಂಕಿನ ಹೆಸರಿನಿಂದಲೋ ಅವರು ಹುಡುಕುತ್ತಿರಲಿಲ್ಲ, ಏನು ನಡೆದ ಸಮಯ ಎಂಬುದರಿಂದ ಹುಡುಕುತ್ತಿದ್ದರು. ನಾನು ಅದನ್ನು ಕಲಸಿಬಿಟ್ಟೆ.

ಹಾಗಾಗಿ ಮೊದಲು ಪ್ರತಿ ಚೀಲವನ್ನೂ ಇದ್ದ ಜಾಗದಲ್ಲಿ, ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಲಕೋಟೆಯ ಹಿಂಬದಿಯನ್ನೂ ಬಿಡಬೇಡಿ. ಮಿಷನ್ನಿನಲ್ಲಿ ಬಂದ ನುಣುಪು ರಸೀದಿಗಳ ಅಕ್ಷರ ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ, ಅವುಗಳಿಗೆ ಫೋಟೋ ಬಿಟ್ಟರೆ ಗತಿಯಿಲ್ಲ. ಆಮೇಲೆ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೆ ಒಂದೇ ಚೀಲ. ಮುಕ್ಕಾಲು ಗಂಟೆ ಸಾಕು. ‘ಎಲ್ಲಾ ಕೊಡಿ’ ಅನ್ನಬೇಡಿ, ‘ಇದು ಯಾವುದಪ್ಪಾ?’ ಅನ್ನಿ. ಆ ಒಂದು ಕಾಗದದ ಹಿಂದೆ ಅರ್ಧ ಗಂಟೆಯ ಕಥೆ ಬರುತ್ತದೆ, ಬರಲಿ. ನನ್ನಪ್ಪ ಒಬ್ಬ ಸ್ನೇಹಿತರ ಸಾಲಕ್ಕೆ ಜಾಮೀನು ಹಾಕಿದ್ದು ಹೊರಬಿದ್ದದ್ದು ಇಂಥದೇ ಒಂದು ಕಥೆಯ ನಡುವೆ. ಜಾಮೀನು ಯಾವ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ.

ಕಾಗದ ನಿಧಾನವಾಗಲಿ. ದುಡ್ಡಿನ ಹರಿವು ಮಾತ್ರ ಕಾಯುವುದಿಲ್ಲ. ನಿಂತ ಪಾಲಿಸಿಯ ವಿಚಾರ ನಾಳೆಯೇ ಕೇಳಿ. ಮತ್ತೆ ಚಾಲ್ತಿಗೆ ತರಲು ಸಾಮಾನ್ಯವಾಗಿ ಒಂದು ಗಡುವು ಇರುತ್ತದೆ. ಬಾಕಿ ಕಂತಿನ ಜೊತೆ ಬಡ್ಡಿ, ಕೆಲವೊಮ್ಮೆ ಹೊಸದಾಗಿ ವೈದ್ಯಕೀಯ ತಪಾಸಣೆ ಕೇಳುತ್ತಾರೆ. ಆರೋಗ್ಯ ವಿಮೆಯಾಗಿದ್ದರಂತೂ ಒಂದು ದಿನವೂ ತಡ ಬೇಡ, ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಸಿಗುವುದು ಕಷ್ಟ. ಅದಾದ ಮೇಲೆ ತಂದೆಯ ಪ್ರತಿ ಖಾತೆಯದೂ ಹಿಂದಿನ 13 ತಿಂಗಳ ಸ್ಟೇಟ್‌ಮೆಂಟು ತೆಗೆಸಿ. ಯಾಕೆ 13 ಅಂದರೆ, ವರ್ಷಕ್ಕೊಮ್ಮೆ ಬರುವ ಬಾಬತ್ತುಗಳ ತಾರೀಕು ಕೆಲವೊಮ್ಮೆ ಒಂದೆರಡು ವಾರ ಆಚೀಚೆ ಆಗುತ್ತದೆ, 12 ತಿಂಗಳು ಮಾತ್ರ ನೋಡಿದರೆ ಒಂದಾದರೂ ತಪ್ಪಿಸಿಕೊಳ್ಳಬಹುದು. ವಿಮೆ ಕಂತು, ಲಾಕರ್ ಬಾಡಿಗೆ, ಆಸ್ತಿ ತೆರಿಗೆ, ಎಲ್ಲಿಂದಲೋ ಬರುವ ಬಡ್ಡಿ, ಯಾರಿಗೂ ಬೇಡವಾದ ಚಂದಾ ಎಲ್ಲವೂ ಅಲ್ಲಿ ಸಿಗುತ್ತವೆ. ಹೈಲೈಟರ್ ಹಿಡಿದು ಒಂದು ಸಂಜೆ ಕೂತರೆ ಚೀಲಗಳು ಹೇಳದ್ದನ್ನು ಆ ಹಾಳೆಗಳು ಹೇಳುತ್ತವೆ. ಹಳೆಯ ತೆರಿಗೆ ರಿಟರ್ನುಗಳಿದ್ದರೆ ಅವನ್ನೂ ನೋಡಿ. ಬಡ್ಡಿ ಆದಾಯ ಎಂದು ತೋರಿಸಿದ ಕಡೆ ಮರೆತುಹೋದ ಖಾತೆ ಇಣುಕಬಹುದು.

ಇನ್ನು ಯಾರೂ ಮುಂಚಿತವಾಗಿ ಹೇಳದ ಎರಡು ವಿಷಯ. ಒಂದು ಸಹಿ. ಕೈ ನಡುಗತೊಡಗಿದ ಮೇಲೆ ಅಪ್ಪನ ಸಹಿ ಮೂವತ್ತು ವರ್ಷ ಹಿಂದಿನ ಮಾದರಿಗೆ ಹೊಂದದೆ ಚೆಕ್ ವಾಪಸಾಯಿತು. ಅವರಿಗಾದ ಅವಮಾನ ನೋಡಲಾಗಲಿಲ್ಲ. ಅವರೇ ನಡೆದು ಹೋಗಿ ಹೊಸ ಮಾದರಿ ಸಹಿ ಕೊಡಬಲ್ಲ ದಿನಗಳಲ್ಲೇ ಅದನ್ನು ಮುಗಿಸಿ. ಎರಡು, ಮೊಬೈಲ್ ನಂಬರು. ಎಷ್ಟೋ ಖಾತೆಗಳಿಗೆ ಜೋಡಿಸಿದ್ದು ಎಂದೋ ರೀಚಾರ್ಜ್ ಮಾಡದೆ ಬಿಟ್ಟ ನಂಬರಾಗಿರುತ್ತದೆ. ಅಂಥ ನಂಬರನ್ನು ಕಂಪನಿಗಳು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ನಿಮ್ಮ ತಂದೆಯ ಒಟಿಪಿ ಯಾರೋ ಅಪರಿಚಿತರ ಫೋನಿನಲ್ಲಿ ಟಿಣ್ ಅನ್ನುತ್ತಿರಬಹುದು. ಹೆಸರೂ ಹಾಗೆಯೇ, ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು, ಮತ್ತೊಂದರಲ್ಲಿ ಒಂದಕ್ಷರ ಹೆಚ್ಚು. ಈಗ ತಿದ್ದಿಸಲು ಅವರ ಒಂದು ಅರ್ಜಿ ಸಾಕು, ಮುಂದೆ ನಿಮ್ಮ ಹತ್ತು ಅಫಿಡವಿಟ್ ಬೇಕಾಗುತ್ತದೆ. ಅಂದಹಾಗೆ ಮೂಲ ಪತ್ರಗಳನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಬೇಡಿ, ಮುದ್ರೆ ಪರೀಕ್ಷಿಸಲಾಗದೆಂದು ತಿರಸ್ಕರಿಸುವವರಿದ್ದಾರೆ.

‘ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಎಲ್ಲಾ ಬಗೆಹರಿಯುತ್ತೆ’ ಅಂತ ನೆಂಟರು ಹೇಳಿದ್ದಾರೆ ಎಂದಿದ್ದೀರಿ. ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ಪತ್ರ. ಅರ್ಧ ನಿಜ. ಬರೆದುಕೊಟ್ಟವರು ತೀರಿಕೊಂಡ ಕ್ಷಣವೇ ಅದು ಮುಗಿಯುತ್ತದೆ. ಅವರ ಬುದ್ಧಿಶಕ್ತಿ ಕುಂದಿದಾಗಲೂ ಊರ್ಜಿತದಲ್ಲಿರುವ ಬಗೆಯ ಪತ್ರ ಕೆಲವು ದೇಶಗಳಲ್ಲಿದೆ, ಎಲ್ಲ ಕಡೆ ಇಲ್ಲ. ಇದನ್ನು ವಕೀಲರ ಹತ್ತಿರ ಒಮ್ಮೆ ಕೇಳಿ. ನಾಮಿನಿ ಎಂಬುದೂ ಉಯಿಲಿಗೆ ಬದಲಿಯಲ್ಲ. ಹಣ ನಾಮಿನಿಯ ಕೈಗೆ ಬಂದರೂ ಅದರ ಹಕ್ಕು ಅವರದೇ ಆಗಬೇಕೆಂದಿಲ್ಲ. ಉಯಿಲು ಇದ್ದರೆ ಮೂಲ ಪ್ರತಿ ತಂದೆಯೊಬ್ಬರೇ ತೆರೆಯಬಲ್ಲ ಲಾಕರಿನಲ್ಲಿ ಮಾತ್ರ ಇರಬಾರದು, ಬೇಕಾದ ಹೊತ್ತಿಗೆ ಅದು ಒಳಗೇ ಉಳಿಯುತ್ತದೆ.

ಈ ಎಲ್ಲದರಲ್ಲಿ ವಯಸ್ಸು ಬಿಟ್ಟರೆ ತಾಯಿಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ತಂದೆಯೊಬ್ಬರ ಹೆಸರಿನಲ್ಲೇ ಇರುವ ಖಾತೆ ಅವರ ನಂತರ ಕಾಗದಪತ್ರ ಮುಗಿಯುವವರೆಗೆ ಸ್ತಬ್ಧವಾಗುತ್ತದೆ. ಅಷ್ಟು ದಿನ ತಾಯಿ ಯಾವ ದುಡ್ಡಿನಲ್ಲಿ ಮನೆ ನಡೆಸುತ್ತಾರೆ? ಅವರದೇ ಖಾತೆಯಲ್ಲಿ ಆರು ತಿಂಗಳ ಖರ್ಚು ಇರಲಿ, ಅದರಿಂದ ಹಣ ತೆಗೆಯುವುದು ಅವರಿಗೆ ರೂಢಿಯಾಗಿರಲಿ. ನಿಜ ಹೇಳಬೇಕೆಂದರೆ, ನನ್ನಪ್ಪ ಕರಗಿದ್ದು ಇಲ್ಲೇ. ‘ನಿಮ್ಮ ನಂತರ’ ಎಂದಾಗಲೆಲ್ಲ ಸಿಡುಕುತ್ತಿದ್ದವರು ‘ಅಮ್ಮ ಒಬ್ಬಳೇ ಬ್ಯಾಂಕಿಗೆ ಹೋಗಬೇಕಾದರೆ?’ ಎಂದಾಗ ಸುಮ್ಮನಾದರು. ಮರುದಿನ ಬೆಳಿಗ್ಗೆ ಬೀರುವಿನ ಕೀಲಿ ಮೇಜಿನ ಮೇಲಿತ್ತು.

ಒಂದು ಎಚ್ಚರ ಮಾತ್ರ. ಮೊದಲಿನಿಂದಲೂ ಅವ್ಯವಸ್ಥಿತವಾಗಿದ್ದವರು ಹಾಗೆಯೇ ಇರುವುದು ಬೇರೆ. ಪೈಸೆ ಪೈಸೆಗೂ ಲೆಕ್ಕ ಇಡುತ್ತಿದ್ದವರು ಒಂದೇ ಬಿಲ್ಲನ್ನು ಎರಡು ಸಲ ಕಟ್ಟುವುದು, ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹಣ ಕಳಿಸುವುದು ಬೇರೆ. ಮರೆವಿನ ಕಾಯಿಲೆ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದೇ ದುಡ್ಡಿನ ವ್ಯವಹಾರದಲ್ಲಿ. ನಿಮ್ಮ ತಂದೆ ಎರಡನೇ ಥರದವರು ಎನಿಸಿದರೆ ವೈದ್ಯರಿಗೆ ತೋರಿಸಿ.

ಅಣ್ಣನ ವಿಷಯಕ್ಕೆ ಬರೋಣ. ನೀವು ತಂದೆಯ ಖಾತೆಗೆ ಜಂಟಿಯಾಗಿ ಸೇರಿಕೊಳ್ಳುವುದಾದರೆ ಸೇರುವ ಮೊದಲೇ ಅವನಿಗೆ ಹೇಳಿ, ತಂದೆಯ ಎದುರಿಗೇ ಹೇಳಿ. ನಿಮ್ಮ ದುಡ್ಡು ಅವರ ದುಡ್ಡು ಒಂದು ದಿನಕ್ಕೂ ಬೆರೆಯದಿರಲಿ, ಔಷಧಿಗೆ ನೀವು ಕೈಯಿಂದ ಹಾಕಿದ್ದರೂ ಬರೆದೇ ತೆಗೆದುಕೊಳ್ಳಿ. ನಾನು ತಿಂಗಳ ಕೊನೆಗೆ ಒಂದು ಪುಟ ಬರೆದು ಅಕ್ಕನಿಗೆ ಕಳಿಸುತ್ತೇನೆ: ಬಂದದ್ದು, ಹೋದದ್ದು, ಬಾಕಿ. ಖಾತೆ ನಂಬರು, ಗುರುತಿನ ಚೀಟಿಯ ಫೋಟೋ ಯಾವುದನ್ನೂ ಕುಟುಂಬದ ಗ್ರೂಪಿಗೆ ಹಾಕುವುದಿಲ್ಲ. ಅವಳು ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಅಪ್ಪ ಓದುತ್ತಾರೆ, ಕಳಿಸುವ ಮುಂಚೆ. ಹೋದ ತಿಂಗಳು ಕೂಡಿಸುವುದರಲ್ಲಿ ನಾನು ಮಾಡಿದ ತಪ್ಪಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು.