ಹರಾಜುಕು ಫ್ಯಾಷನ್ ಅಲ್ಲೇ ಯಾಕೆ ಹುಟ್ಟಿತು, ಈಗ ಹೋದರೆ ಕಾಣುತ್ತದಾ?

ಟೋಕಿಯೊಗೆ ಬರುತ್ತಿದ್ದೀರಿ, ಮಗಳು ಅಲ್ಲಿನ ಹರಾಜುಕು ಬಡಾವಣೆ ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ, ಅಲ್ಲಿ ಅಂಥದ್ದೇನಿದೆ, ಆ ಬಣ್ಣಬಣ್ಣದ ಚಿತ್ರವಿಚಿತ್ರ ವೇಷದ ಹುಡುಗ ಹುಡುಗಿಯರು ಈಗಲೂ ಸಿಗುತ್ತಾರಾ ಅಂತ ಕೇಳಿದ್ದೀರಿ. ಸಿಗುತ್ತಾರೆ, ಆದರೆ ಹಳೇ ಫೋಟೊಗಳಲ್ಲಿ ಇರುವಷ್ಟು ಮಂದಿ ಅಲ್ಲ. ನಾನು ಇಲ್ಲೇ ನಿಶಿಕಸಾಯಿಯಲ್ಲಿರುವುದು. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುವ ಡ್ಯೂಟಿ ನನ್ನದೇ. (ಹರಾಜು ಅಂತ ಹೆಸರಲ್ಲಿದೆ, ಬಟ್ಟೆ ಅಗ್ಗ ಇರಬೇಕು ಅಂದುಕೊಳ್ಳಬೇಡಿ. ನಮ್ಮಮ್ಮ ಹಾಗೇ ಅಂದುಕೊಂಡಿದ್ದರು.)

ತಮಾಷೆ ಏನಂದ್ರೆ, ಹರಾಜುಕು ಅನ್ನುವ ವಿಳಾಸವೇ ಈಗ ಇಲ್ಲ. 1965ರಲ್ಲಿ ಅದನ್ನು ಜಿಂಗೂಮಾಯೆ ಅಂತ ಬದಲಾಯಿಸಿದರು, ಅಂದರೆ ಗುಡಿಯ ಮುಂದೆ. ಹಳೇ ಹೆಸರು ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ, ಜನರ ಬಾಯಲ್ಲಿ ಉಳಿಯಿತು. ಗುಡಿ ಮೇಜಿ ಚಕ್ರವರ್ತಿಯದು, 1920ರಲ್ಲಿ ಕಟ್ಟಿದ್ದು. ಸಾಲುಮರದ ಒಮೊತೆಸಾಂದೊ ರಸ್ತೆ ಮಾಡಿದ್ದೂ ಆ ಗುಡಿಗೆ ಹೋಗಲಿಕ್ಕೇ. ಯುದ್ಧ ಸೋತ ಮೇಲೆ ಪಕ್ಕದ ಮಿಲಿಟರಿ ಕವಾಯತು ಮೈದಾನದಲ್ಲಿ ಅಮೆರಿಕದವರು ತಮ್ಮ ಸೈನಿಕರ ಸಂಸಾರಗಳಿಗೆ ಮನೆ ಕಟ್ಟಿಕೊಂಡರು, ವಾಷಿಂಗ್ಟನ್ ಹೈಟ್ಸ್ ಅಂತ. ಅವರಿಗೋಸ್ಕರ ಆಟಿಕೆ, ಗಿಫ್ಟ್ ಅಂಗಡಿಗಳು ಬಂದವು. ನಿಮ್ಮ ಮಗಳು ಗಂಟೆಗಟ್ಟಲೆ ಆಚೆ ಬರದಿರುವ ಕಿಡ್ಡಿ ಲ್ಯಾಂಡ್ ಆ ಕಾಲದ್ದೇ. 1964ರ ಒಲಿಂಪಿಕ್ಸ್‌ನಲ್ಲಿ ಅದೇ ಜಾಗ ಆಟಗಾರರ ವಸತಿಯಾಯಿತು, ಆಮೇಲೆ ಯೊಯೊಗಿ ಪಾರ್ಕ್.

ಹೀಗೆ ಫಾರಿನ್ ಗಾಳಿ ಬೀಸಿದ ಜಾಗದಲ್ಲಿ, 70ರ ದಶಕದಲ್ಲಿ, ಅಪಾರ್ಟ್‌ಮೆಂಟಿನ ಒಂದೊಂದು ರೂಮಿನಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಹುಡುಗರು ಹುಡುಗಿಯರು ಬಟ್ಟೆ ಮಾಡಿ ಮಾರತೊಡಗಿದರು. 1978ರಲ್ಲಿ ಲಾಫೊರೆ ಅನ್ನುವ ಮಾಲ್ ಬಂತು.

ಆದರೆ ನನ್ನನ್ನು ಕೇಳಿದರೆ, ಅಂಗಡಿಗಿಂತ ದೊಡ್ಡ ಕಾರಣ ಒಂದು ರಸ್ತೆ. 1977ರಿಂದ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಭಾನುವಾರ ಗಾಡಿ ಬಿಡುತ್ತಿರಲಿಲ್ಲ. ಟಿಕೆಟ್ ಇಲ್ಲ, ಕೇಳುವವರಿಲ್ಲ, ಇಡೀ ರಸ್ತೆ ಖಾಲಿ. 1980ರ ಹೊತ್ತಿಗೆ ಅಲ್ಲಿ ತಕೆನೊಕೊ-ಜೊಕು ಅನ್ನುವ ಗುಂಪುಗಳು ಕಣ್ಣು ಕುಕ್ಕುವ ಬಣ್ಣದ ದೊಗಳೆ ಬಟ್ಟೆ ಹಾಕಿಕೊಂಡು ಟೇಪ್‌ರೆಕಾರ್ಡರ್ ಸುತ್ತ ಕುಣಿಯುತ್ತಿದ್ದವು. ತಕೆನೊಕೊ ಅಂದರೆ ಕಳಲೆ, ನಾವು ಪಲ್ಯ ಮಾಡುವ ಅದೇ ಕಳಲೆ! ಅವರು ಬಟ್ಟೆ ಕೊಳ್ಳುತ್ತಿದ್ದ ಅಂಗಡಿಯ ಹೆಸರು ಅದು. ಒಬ್ಬರು ಹಾಕಿದ್ದನ್ನು ನೋಡಿ ಇನ್ನೊಬ್ಬರು ಅದಕ್ಕಿಂತ ಜೋರಾಗಿ ಹಾಕಿ ಬರಬೇಕು ಅಂದರೆ, ನೋಡಲು ನಿಲ್ಲುವ ಜಾಗ ಬೇಕಲ್ವಾ?

1993ರಲ್ಲಿ ನಿಗೊ ಮತ್ತು ಜುನ್ ತಕಹಾಶಿ ಅನ್ನುವ ಇಬ್ಬರು ಡಿಸೈನರ್‌ಗಳು ಹಿಂದಿನ ಗಲ್ಲಿಯಲ್ಲಿ ನೋವೇರ್ ಅಂತ ಸಣ್ಣ ಅಂಗಡಿ ತೆರೆದರು, ಟೀ ಶರ್ಟಿಗೆ ಕ್ಯೂ ನಿಲ್ಲುವ ಹುಚ್ಚು ಶುರುವಾಗಿದ್ದು ಆ ಗಲ್ಲಿಗಳಿಂದ. 1997ರಲ್ಲಿ ಶೊಯಿಚಿ ಅಓಕಿ ಅನ್ನುವ ಫೋಟೊಗ್ರಾಫರ್ ಬೀದಿಯ ಹುಡುಗರ ಫೋಟೊಗಳದ್ದೇ ಫ್ರೂಟ್ಸ್ ಪತ್ರಿಕೆ ಶುರು ಮಾಡಿದರು. ಮರುವರ್ಷವೇ ಆ ಭಾನುವಾರದ ರಸ್ತೆಯನ್ನು ಗಾಡಿಗಳಿಗೆ ಪೂರ್ತಿ ಬಿಟ್ಟರು. ಹುಡುಗಿಯರು ಸ್ಟೇಷನ್ ಪಕ್ಕದ ಸೇತುವೆಗೆ ಬಂದರು, ಆಮೇಲೆ ಅಲ್ಲೂ ತೆಳುವಾದರು. 2017ರಲ್ಲಿ ಅಓಕಿ, ಫೋಟೊ ತೆಗೆಯುವಂಥವರು ಈಗ ಸಿಗುತ್ತಿಲ್ಲ ಅಂತ ಪತ್ರಿಕೆ ನಿಲ್ಲಿಸಿದರು. ಎಚ್ ಅಂಡ್ ಎಂ ಥರದ ದೊಡ್ಡ ಅಂಗಡಿಗಳಿಂದ ಹೀಗಾಯಿತು ಅನ್ನುವವರು ಜಾಸ್ತಿ. ಇರಬಹುದು. ನಾನು ಮಾತ್ರ ರಸ್ತೆಯದ್ದೇ ಹೇಳುತ್ತೇನೆ.

ಭಾನುವಾರ ಮಧ್ಯಾಹ್ನ ಹೋಗಿ. ತಕೆಶಿತಾ ಬೀದಿಯ ನೂಕುನುಗ್ಗಲಲ್ಲಿ ಸುಮ್ನೆ ಸುತ್ತಬೇಡಿ, ಕ್ರೇಪ್ ಅನ್ನುವ ತೆಳು ಸಿಹಿ ದೋಸೆ ತಿಂದು ಲಾಫೊರೆ ಕಡೆ ಬನ್ನಿ. ಹೋದ ಆಗಸ್ಟ್‌ನಲ್ಲಿ, ನಮ್ಮ ಮಂಗಳೂರಿನ ಸೆಕೆಯನ್ನು ನಾಚಿಸುವ ದಿನ, ಅಲ್ಲಿನ ಸಿಗ್ನಲ್ಲಿನಲ್ಲಿ ಒಬ್ಬಳು ಹಳೇ ಕಾಲದ ಗೊಂಬೆಯ ಹಾಗೆ ಕಾಣುವ ಲೊಲಿಟಾ ಡ್ರೆಸ್‌ನಲ್ಲಿ ನಿಂತಿದ್ದಳು. ಮೂರು ಪದರದ ಒಳಲಂಗ, ಮೊಣಕೈವರೆಗೆ ಲೇಸು, ಕುತ್ತಿಗೆಯ ಹಿಂದೆ ಯಾರಿಗೂ ಕಾಣದಂತೆ ಸಿಕ್ಕಿಸಿದ ಸಣ್ಣ ಟವೆಲ್. "ಶಾಶಿನ್, ಈ ದೆಸ್ ಕಾ?" ಅಂದೆ, ಫೋಟೊ ತೆಗೆಯಲಾ ಅಂತ. ಮಗಳಿಗೂ ಇದನ್ನು ಕಲಿಸಿ, ಕೇಳದೆ ತೆಗೆಯಬೇಡಿ. ಅವಳು ಛತ್ರಿ ಓರೆ ಮಾಡಿ ನಿಂತಳು. ಪಾರ್ಟ್‌ಟೈಮ್ ದುಡ್ಡಲ್ಲಿ ಕೊಂಡಿದ್ದು, ಟೋಪಿ ಮಾತ್ರ ತಾನೇ ಹೊಲಿದದ್ದು ಅಂದಳು. ಸಂಜೆ ಸ್ಟೇಷನ್ನಿನಲ್ಲಿ ಮತ್ತೆ ಕಂಡಳು. ಜೀನ್ಸು, ಬಿಳಿ ಶರ್ಟು, ಕೈಯಲ್ಲಿ ಗಾಲಿ ಸೂಟ್‌ಕೇಸು. ಛತ್ರಿ ಇರದಿದ್ದರೆ ಗುರುತೇ ಸಿಗುತ್ತಿರಲಿಲ್ಲ.