ದೊಡ್ಡ ಸಾಧನೆ ಏನೂ ಇಲ್ಲದ ಅಪ್ಪನ ಬಗ್ಗೆ ಬೊಜ್ಜದ ದಿನ ಏನು ಹೇಳಲಿ?

ನಿಮ್ಮ ಪ್ರಶ್ನೆ ಓದಿದೆ. ತಂದೆ 84 ವರ್ಷ ಬಾಳಿ ಹೋದರು, ಬೊಜ್ಜದ (ಉತ್ತರಕ್ರಿಯೆಯ) ದಿನ ನುಡಿನಮನ ನೀವೇ ಮಾಡಬೇಕು ಅಂತ ಮನೆಯವರು ಹೇಳಿದ್ದಾರೆ. ಆದರೆ ‘ಒಳ್ಳೆ ಗಂಡ, ಒಳ್ಳೆ ಅಪ್ಪ, ಅಷ್ಟು ಬಿಟ್ಟರೆ ಹೇಳುವಂಥದ್ದು ಏನೂ ಇಲ್ಲ’ ಅಂತ ಬರೆದಿದ್ದೀರಿ. ನನಗೂ ಇದೇ ಕೆಲಸ ಬಂದಿತ್ತು. ನಮ್ಮಪ್ಪ ಉಡುಪಿ ಹತ್ತಿರದ ಕಟಪಾಡಿಯವರು, 86ಕ್ಕೆ ತೀರಿಕೊಂಡರು. ಹುದ್ದೆ ಇಲ್ಲ, ಸನ್ಮಾನ ಇಲ್ಲ, ಯಾರೂ ಅವರಿಗೆ ಒಂದು ಶಾಲು ಹೊದೆಸಿದವರಲ್ಲ.

ಮೊದಲು ಒಂದು ಮಾತು. ಪೇಪರಿನ ಶ್ರದ್ಧಾಂಜಲಿ ಪುಟದ ಭಾಷೆ ಬೇಡ. ‘ಸರಳ ಸಜ್ಜನ, ಅಜಾತಶತ್ರು, ಕೊಡುಗೈ ದಾನಿ’ ಅಂತ ಯಾರ ಫೋಟೋದ ಕೆಳಗೆ ಹಾಕಿದರೂ ನಡೆಯುತ್ತದೆ. ಅದರ ಬದಲು ಅವರ ಒಂದು ದಿನ ಹೇಗಿತ್ತು ಹೇಳಿ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ. ಆ ದಿನಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು ಅದನ್ನೂ ಹೇಳಿ. ಸಂಸಾರಕ್ಕಾಗಿ ಬದುಕಿದವರ ಕತೆ ಜಾಸ್ತಿ ಇರುವುದು ಅಲ್ಲೇ.

ನಮ್ಮಪ್ಪ ಪಿಗ್ಮಿ ಕಲೆಕ್ಟರ್, ಅಂದರೆ ಜನರ ದಿನದಿನದ ಸಣ್ಣ ಉಳಿತಾಯವನ್ನು ಸಂಗ್ರಹಿಸಿ ಬ್ಯಾಂಕಿಗೆ ಕಟ್ಟುವವರು. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ ಅಲ್ವಾ? ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ, ದಿನಕ್ಕೆ ಎರಡಾಣೆಯಿಂದ, ಮನೆಬಾಗಿಲಿಗೇ ಬಂದು ದುಡ್ಡು ತೆಗೆದುಕೊಳ್ಳಲು ಶುರು ಮಾಡಿತು. ಅಪ್ಪ ಆ ಕೆಲಸಕ್ಕೆ ಸೇರಿದ್ದು ಎಷ್ಟೋ ವರ್ಷ ಆದ ಮೇಲೆ. ಸಂಜೆ ಹೊತ್ತು ಕಟಪಾಡಿ ಪೇಟೆಯಿಂದ ಉದ್ಯಾವರದವರೆಗೆ ಅವರ ಲೈನ್. ಚಾ ಹೋಟೆಲ್, ಟೈಲರ್, ಬೀಡಿ ಕಟ್ಟುವವರ ಮನೆ, ಮೀನು ಮಾರುವ ಹೆಂಗಸರು. ಸಂಬಳ ಅಂತ ಇಲ್ಲ, ಕಟ್ಟಿಸಿದ ದುಡ್ಡಿನ ಮೇಲೆ ಕಮಿಷನ್ ಅಷ್ಟೇ.

ಹಾಗಾಗಿ ಜೂನ್ ತಿಂಗಳೆಂದರೆ ನಮ್ಮ ಮನೆಯಲ್ಲಿ ಕಷ್ಟ. ಮಳೆ ಹಿಡಿಯುತ್ತದೆ, ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಮೀನಿನವರ ಕೈಯಲ್ಲಿ ಕಾಸಿಲ್ಲ. ಪಿಗ್ಮಿ ಕಮ್ಮಿ, ಕಮಿಷನ್ನೂ ಕಮ್ಮಿ. ಸರಿಯಾಗಿ ಅದೇ ತಿಂಗಳು ಶಾಲೆ ಶುರು. ಮೂವರು ಮಕ್ಕಳ ಫೀಸು, ಪುಸ್ತಕ, ಕೊಡೆ.

ಆ ಜೂನನ್ನು ದಾಟಿಸುತ್ತಿದ್ದದ್ದು ಮಲ್ಲಿಗೆ. ಮನೆ ಹಿಂದಿನ ಜಾಗ ಅಜ್ಜನ ಕಾಲದಲ್ಲಿ ಗೇಣಿಯದ್ದು. ಗೇಣಿದಾರರಿಗೇ ಭೂಮಿ ಅಂತ 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಶನ್ (ಅರ್ಜಿ) ಹಾಕಿ ನಮ್ಮದಾಯಿತು. ಅಪ್ಪ ಅಲ್ಲಿ ಮಲ್ಲಿಗೆ ನೆಟ್ಟರು. ಮಲ್ಲಿಗೆಗೆ ಹೆಸರಾದ ಶಂಕರಪುರ ಹತ್ತಿರವೇ ಇರುವುದರಿಂದ ಮಾರಾಟಕ್ಕೆ ತೊಂದರೆ ಇಲ್ಲ. ಬೆಳಕು ಹರಿಯುವ ಮೊದಲೇ ಅಪ್ಪ ಮೊಗ್ಗು ಕೊಯ್ಯುತ್ತಿದ್ದರು, ಅಮ್ಮ ಬಾಳೆ ನಾರಿನಲ್ಲಿ ಕಟ್ಟುತ್ತಿದ್ದರು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವಾಗ ಮಾತಾಡಿಸಿದರೆ ಅಮ್ಮನಿಗೆ ಲೆಕ್ಕ ತಪ್ಪುತ್ತದೆ ಅಂತ ನಾವೆಲ್ಲ ಸುಮ್ನೆ ಗಂಜಿ ಉಂಡು ಶಾಲೆಗೆ ಹೋಗುತ್ತಿದ್ದೆವು. ಬೇಸಿಗೆಯ ಮದುವೆ ಸೀಸನ್ನಿನಲ್ಲಿ ಬಂದ ಹೂವಿನ ದುಡ್ಡನ್ನು ಅಪ್ಪ ಮುಟ್ಟುತ್ತಿರಲಿಲ್ಲ. ಅದು ಅಮ್ಮನ ಹೆಸರಿನ ಪಿಗ್ಮಿಗೆ. ಬೇರೆ ಅಂಗಡಿಯವರಿಗೆ ಬರೆದ ಹಾಗೆಯೇ ಅಮ್ಮನ ಪುಸ್ತಕದಲ್ಲೂ ಅಕ್ಷರ ದುಂಡಗೆ ಬರೆದು, ಸೈನ್ ಹಾಕಿ ಕೊಡುತ್ತಿದ್ದರು.

ಇಷ್ಟು ಹೇಳಿದರೆ ‘ಒಳ್ಳೆ ಗಂಡ’ ಅಂತ ಬೇರೆ ಹೇಳಬೇಕಾ?

ವಯಸ್ಸಾದ ಮೇಲಿನದ್ದನ್ನೂ ಬಿಡಬೇಡಿ. ನುಡಿನಮನಗಳಲ್ಲಿ ರಿಟೈರ್ ಆದಲ್ಲಿಗೆ ಮನುಷ್ಯನ ಕತೆ ಮುಗಿಸಿಬಿಡುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಅಪ್ಪನ ಲೈನ್ ನಿಂತ ಮೇಲೆ ಅಮ್ಮನಿಗೆ ಕೈ ಬೆರಳು ಮಡಚಲು ಆಗದ ಹಾಗಾಯಿತು. ಆಗ ಎಪ್ಪತ್ತು ದಾಟಿದ ಅಪ್ಪ ಹೂ ಕಟ್ಟಲು ಕಲಿತರು. ಅಮ್ಮ ಎದುರಿಗೆ ಕುರ್ಚಿಯಲ್ಲಿ ಕೂತು ಹೇಳಿಕೊಡುವುದು, ಇವರು ಚಾಪೆಯಲ್ಲಿ ಕೂತು ಕಟ್ಟುವುದು. ಗಂಟು ಸಡಿಲ. ಅಮ್ಮ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ‘ಬ್ಯಾಂಕಿನ ಮ್ಯಾನೇಜರ್ ಕೂಡ ನನಗೆ ಇಷ್ಟು ಬೈದಿಲ್ಲ’ ಅಂತ ಅಪ್ಪ ಗೊಣಗುತ್ತಿದ್ದರು, ಆದರೆ ಏಳುತ್ತಿರಲಿಲ್ಲ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನ ಜೊತೆ ವಿಲೀನವಾದ ಸುದ್ದಿ ಓದಿ, ಪೇಪರ್ ಮಡಚಿಟ್ಟು ಮತ್ತೆ ನಾರು ಕೈಗೆತ್ತಿಕೊಂಡಿದ್ದರು.

ಇನ್ನೊಂದು, ಸಣ್ಣಪುಟ್ಟ ಕೊರತೆಗಳನ್ನು ಮುಚ್ಚಿಡಬೇಡಿ. ನಮ್ಮಪ್ಪ ಸ್ಕೂಲ್ ಡೇಗೆ ಒಮ್ಮೆಯೂ ಬಂದವರಲ್ಲ. ಸಂಜೆ ಅವರ ಕಲೆಕ್ಷನ್ ಹೊತ್ತು. ಮಾರ್ಕ್ಸ್ ಕಾರ್ಡ್ ನೋಡಿ ‘ಹೂಂ’ ಅಂದರೆ ಅದೇ ಹೊಗಳಿಕೆ. ಅಂಗಡಿಯವರು ಯಾರಾದರೂ ಒಂದು ದಿನ ಕಟ್ಟಲಾಗದೆ ಹೋದರೆ ತಾನೇ ಜೇಬಿನಿಂದ ಹಾಕಿ ಬರುವ ಚಾಳಿ ಬೇರೆ. ಒಂದು ಜೂನಿನಲ್ಲಿ ಇದು ಅಮ್ಮನಿಗೆ ಗೊತ್ತಾಗಿ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಇವನ್ನೆಲ್ಲ ಹೇಳಿದಾಗಲೇ ಚಪ್ಪರದಲ್ಲಿ ಕೂತವರು ತಲೆ ಎತ್ತಿ ಕೇಳಿದ್ದು. ಅವರಿಗೆ ಗೊತ್ತಿದ್ದ ಮನುಷ್ಯ ಸಿಕ್ಕಿದ್ದು ಅಲ್ಲಿ.

ಬೊಜ್ಜದವರೆಗೆ ಮನೆಗೆ ಬಂದು ಹೋಗುವವರ ಹತ್ತಿರ ನೀವೇ ಕೇಳಿ. ಅವರಾಗಿ ಹೇಳುವುದಿಲ್ಲ, ಚಾ ಕುಡಿದು ‘ಹೋಗಿ ಬರ್ತೇವೆ’ ಅನ್ನುತ್ತಾರೆ. ‘ನಿಮಗೆ ಅಪ್ಪನ ಪರಿಚಯ ಹೇಗೆ?’ ಅಂತ ಒಂದು ಮಾತು ಕೇಳಿದರೆ ಸಾಕು. ಮೀನು ಮಾರುವ ಒಬ್ಬ ಹೆಂಗಸು, ತನ್ನ ಮಗಳ ಮದುವೆಗೆ ಕರಿಮಣಿ ಮಾಡಿಸಿದ್ದು ಆ ಪಿಗ್ಮಿಯಿಂದ ಅಂತ ನಮಗೆ ಹೇಳಿದ್ದು ಹಾಗೆಯೇ. ಅಪ್ಪ ಯಾರ ಖಾತೆಯ ವಿಷಯವನ್ನೂ ಮನೆಯಲ್ಲಿ ಬಾಯಿಬಿಟ್ಟವರಲ್ಲ.

ತುಂಬಾ ದೀರ್ಘ ಬದುಕು, ಎಲ್ಲಿಂದ ಹಿಡಿಯಲಿ ಅನಿಸಿದರೆ ಊರನ್ನು ಹಿಡಿಯಿರಿ. ನಮ್ಮಪ್ಪ ಹುಟ್ಟುವಾಗ ಕಟಪಾಡಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ಉಡುಪಿ ಜಿಲ್ಲೆ. ಅಷ್ಟೆಲ್ಲ ಬದಲಾದರೂ ಅಪ್ಪ ಮಲಗಿದ್ದು ಅದೇ ಚಾವಡಿಯಲ್ಲಿ. ಇದನ್ನು ಹೇಳಿದಾಗ ಹಿರಿಯರೆಲ್ಲ ನಕ್ಕರು. ಬೊಜ್ಜದ ದಿನ ನಗಬಾರದು ಅಂತೇನಿಲ್ಲ.

ಐದು ನಿಮಿಷ ಮೀರಬೇಡಿ, ಎಲೆ ಹಾಕಲು ಬಡಿಸುವವರು ಕಾಯುತ್ತಿರುತ್ತಾರೆ. ಬರೆದದ್ದನ್ನು ಮೊದಲು ನಿಮ್ಮ ಅಮ್ಮನಿಗೆ ಓದಿ ಹೇಳಿ. ಆ ಜಗಳದ ವಿಷಯ ತೆಗೆದುಬಿಡಲಾ ಅಂತ ನಾನು ನಮ್ಮಮ್ಮನನ್ನು ಕೇಳಿದ್ದೆ. ‘ಯಾಕೆ ತೆಗೆಯುವುದು? ಇರಲಿ. ತಪ್ಪು ಅವರದ್ದೇ ಅಂತಲೂ ಸೇರಿಸು’ ಅಂದರು. ಸೇರಿಸಿಯೇ ಓದಿದೆ.