ರೀಪರ್‌ನಲ್ಲಿ ಹಾಕಿದ ಪ್ಲಗಿನ್ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ, ಎಲ್ಲಿ ತಪ್ಪಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಧಾರವಾಡದ ಮನೆಯಲ್ಲಿ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ 64 ಬಿಟ್ ಆವೃತ್ತಿ ಹಾಕಿಕೊಂಡು ವಚನ, ದಾಸರ ಪದ, ಛೋಟಾ ಖಯಾಲ್ ರೆಕಾರ್ಡ್ ಮಾಡುತ್ತೀರಿ. ನಾಲ್ಕು ಉಚಿತ ಪ್ಲಗಿನ್ ಇಳಿಸಿಕೊಂಡಿರಿ. ಟಿಡಿಆರ್ ನೋವಾ ಎಂಬ ಈಕ್ವಲೈಜರ್ ಒಂದೇ ಬಂತು. ಜಿಪ್ಪಿನಲ್ಲಿ ಸಿಕ್ಕ ಹಳೆಯ ರಿವರ್ಬಿನ (ದನಿಗೆ ಕೋಣೆಯ ಗುಂಗು ಕೊಡುವ ಪ್ಲಗಿನ್) ಡಿಎಲ್‌ಎಲ್, ಹಾರ್ಮೋನಿಯಂನ ಎಸ್‌ಎಫ್2 ಫೈಲು, ಇನ್‌ಸ್ಟಾಲರ್ ಓಡಿಸಿ ಹಾಕಿದ ಒಂದು ಸಿಂಥ್ (ಕಂಪ್ಯೂಟರಿನಲ್ಲೇ ಸ್ವರ ಹುಟ್ಟಿಸುವ ವಾದ್ಯ), ಈ ಮೂರೂ ಪ್ಲಗಿನ್ ತೋರಿಸುವ ಎಫ್‌ಎಕ್ಸ್ ಪಟ್ಟಿಯಲ್ಲಿ ಇಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ. ರೀಪರ್ ತೆಗೆದು ಮತ್ತೆ ಹಾಕಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿರಿ, ಅದರದೇನೂ ತಪ್ಪಿಲ್ಲ.

ಪ್ಲಗಿನ್ ತಾನೇ ಓಡುವ ಪ್ರೋಗ್ರಾಂ ಅಲ್ಲ, ರೀಪರ್ ಎತ್ತಿಕೊಂಡು ಓಡಿಸುವ ಒಂದು ಫೈಲು. ರೀಪರ್ ಶುರುವಾಗುವಾಗ ತನಗೆ ಗೊತ್ತಿರುವ ಫೋಲ್ಡರುಗಳನ್ನಷ್ಟೇ ಹೊಕ್ಕು ನೋಡುತ್ತದೆ, ಹೊಸದಾಗಿ ಸಿಕ್ಕಿದ್ದನ್ನು ತೆರೆದು ಪರೀಕ್ಷಿಸಿ ಹೆಸರು ಬರೆದುಕೊಳ್ಳುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ: ಆ ಫೈಲು ಈಗ ಡಿಸ್ಕಿನಲ್ಲಿ ನಿಜವಾಗಿ ಎಲ್ಲಿದೆ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಫೋಲ್ಡರಿನ ಗೊಂದಲಕ್ಕೆ ಒಂದು ಹಿನ್ನೆಲೆ ಇದೆ. ವಿಎಸ್‌ಟಿ ಎಂಬ ಪ್ಲಗಿನ್ ಪದ್ಧತಿಯನ್ನು ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತಂದಿತು. ಆಮೇಲೆ ಬಂದ ವಿಎಸ್‌ಟಿ2ರಲ್ಲಿ ಪ್ಲಗಿನ್ ಅಂದರೆ ಒಂದು ಡಿಎಲ್‌ಎಲ್ ಫೈಲು, ಅದನ್ನು ಎಲ್ಲಿಡಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮವಿರಲಿಲ್ಲ. ಒಬ್ಬರ ಇನ್‌ಸ್ಟಾಲರ್ ಪ್ರೋಗ್ರಾಂ ಫೈಲ್ಸ್ ಒಳಗಿನ ವಿಎಸ್‌ಟಿಪ್ಲಗಿನ್ಸ್ ಫೋಲ್ಡರಿಗೆ ಹಾಕಿದರೆ, ಇನ್ನೊಬ್ಬರದು ಅಲ್ಲೇ ಸ್ಟೈನ್‌ಬರ್ಗ್ ಹೆಸರಿನ ಫೋಲ್ಡರಿನೊಳಗೆ, ಮತ್ತೊಬ್ಬರದು ಕಾಮನ್ ಫೈಲ್ಸ್ ಒಳಗೆ. 2008ರಲ್ಲಿ ಬಂದ ವಿಎಸ್‌ಟಿ3 ಈ ತಾಪತ್ರಯ ತಪ್ಪಿಸಿತು: ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್, ಅದರೊಳಗೆ ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3. ಎಲ್ಲರಿಗೂ ಇದೊಂದೇ ಜಾಗ. 2018ರಿಂದ ಸ್ಟೈನ್‌ಬರ್ಗ್ ವಿಎಸ್‌ಟಿ2ರ ತಯಾರಿ ಕಿಟ್ ಕೊಡುವುದನ್ನೇ ನಿಲ್ಲಿಸಿದೆ. ಒಂದೇ ಪ್ಲಗಿನ್ನಿನ ಎರಡೂ ರೂಪ ಸಿಗುತ್ತಿದ್ದರೆ ಕಣ್ಣುಮುಚ್ಚಿ ವಿಎಸ್‌ಟಿ3 ಆರಿಸಿರಿ. ನಿಮ್ಮ ನೋವಾ ಮೊದಲ ಸಲಕ್ಕೇ ಬಂದದ್ದು, ಅದರ ಇನ್‌ಸ್ಟಾಲರ್ ಫೈಲನ್ನು ರೀಪರ್ ನೋಡುವ ಜಾಗಕ್ಕೇ ಹಾಕಿದ್ದರಿಂದ.

ಈಗ ಹಳೆಯ ರಿವರ್ಬ್. ಜಿಪ್ಪನ್ನು ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಅದನ್ನು ಫೋಲ್ಡರಿನಂತೆ ತೋರಿಸುತ್ತದೆ, ಆದರೆ ಒಳಗಿನದು ಇನ್ನೂ ಬಿಚ್ಚಿಲ್ಲ. ರೀಪರ್ ಜಿಪ್ಪಿನೊಳಗೆ ಇಣುಕುವುದಿಲ್ಲ. ಬಿಚ್ಚುವ ಮೊದಲು ಜಿಪ್ಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೆಳಗೆ ಅನ್‌ಬ್ಲಾಕ್ ಎಂಬ ಚೌಕವಿದ್ದರೆ ಗುರುತು ಹಾಕಿ ಓಕೆ ಒತ್ತಿರಿ. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಅಂಟಿಸುವ ಗುರುತು ಅದು, ಬಿಟ್ಟರೆ ಬಿಚ್ಚಿದ ಪ್ರತಿ ಫೈಲಿಗೂ ಅಂಟಿಕೊಂಡು ಕೆಲವೊಮ್ಮೆ ಅಡ್ಡಿ ಮಾಡುತ್ತದೆ. ಆಮೇಲೆ ಎಕ್ಸ್‌ಟ್ರಾಕ್ಟ್ ಆಲ್ ಮಾಡಿರಿ. ಬಿಚ್ಚುವಾಗ ಫೈಲು ಅರ್ಧಕ್ಕೇ ಮುಗಿದಿದೆ ಎಂಬ ಎರರ್ ಬಂದರೆ, ಇಳಿಸುವಾಗ ನಡುವೆ ಕರೆಂಟೋ ನೆಟ್ಟೋ ಹೋಗಿ ಜಿಪ್ಪು ಪೂರ್ತಿ ಬಂದಿಲ್ಲ ಎಂದರ್ಥ. ಮತ್ತೆ ಇಳಿಸುವುದೊಂದೇ ದಾರಿ.

ಬಿಚ್ಚಿದ ಡಿಎಲ್‌ಎಲ್ 32 ಬಿಟ್ಟೋ 64 ಬಿಟ್ಟೋ ನೋಡಬೇಕು. ಹಳೆಯ ಉಚಿತ ಪ್ಲಗಿನ್ನುಗಳಲ್ಲಿ ಬಹಳಷ್ಟು 32 ಬಿಟ್‌ನವೇ, ಫೈಲಿನ ಹೆಸರಿನಲ್ಲಿ ಅದು ಗೊತ್ತಾಗುವುದಿಲ್ಲ. ನೋಡುವ ಸುಲಭ ದಾರಿ: ಆ ಡಿಎಲ್‌ಎಲ್ ಅನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ತುಂಬ ವಿಚಿತ್ರ ಅಕ್ಷರಗಳು ಕಾಣುತ್ತವೆ, ಗಾಬರಿ ಬೇಡ. ಮೊದಲ ಕೆಲವು ಸಾಲುಗಳಲ್ಲಿಯೇ, ಡಾಸ್ ಮೋಡಿನಲ್ಲಿ ಓಡುವುದಿಲ್ಲ ಎಂಬ ಇಂಗ್ಲಿಷ್ ವಾಕ್ಯ ದಾಟಿದ ಮೇಲೆ, ಪಿ ಮತ್ತು ಇ ಎಂಬ ಎರಡು ದೊಡ್ಡ ಅಕ್ಷರ ಒಟ್ಟಿಗೆ ಬರುತ್ತವೆ. ಸ್ವಲ್ಪ ಜಾಗ ಬಿಟ್ಟು ಅದರ ಮುಂದೆ ದೊಡ್ಡ ಎಲ್ ಇದ್ದರೆ 32 ಬಿಟ್, ಸಣ್ಣ ಡಿ ಇದ್ದರೆ 64 ಬಿಟ್. ನೋಡಿ ಮುಚ್ಚಿಬಿಡಿರಿ, ಸೇವ್ ಮಾತ್ರ ಮಾಡಲೇಬೇಡಿರಿ, ಮಾಡಿದರೆ ಫೈಲು ಹಾಳಾಗುತ್ತದೆ.

64 ಬಿಟ್ ಆಗಿದ್ದರೆ ಪ್ರೋಗ್ರಾಂ ಫೈಲ್ಸ್ ಒಳಗೆ ವಿಎಸ್‌ಟಿಪ್ಲಗಿನ್ಸ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಹಾಕಿರಿ, ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿದರೆ ಕೊಡಿರಿ. ಜಿಪ್ಪಿನಲ್ಲಿ ಡಿಎಲ್‌ಎಲ್ ಜೊತೆಗೆ ಪ್ರಿಸೆಟ್ ಫೋಲ್ಡರೋ ಇಂಪಲ್ಸ್ ಫೈಲುಗಳೋ ಇದ್ದರೆ ಎಲ್ಲವೂ ಒಟ್ಟಿಗೇ ಹೋಗಬೇಕು. 32 ಬಿಟ್ ಆಗಿದ್ದರೆ ರೀಪರ್ ತನ್ನ ಬ್ರಿಜ್, ಅಂದರೆ 32 ಬಿಟ್‌ಗೂ 64 ಬಿಟ್‌ಗೂ ನಡುವಿನ ಸೇತುವೆಯ ಮೂಲಕ ಓಡಿಸಬಲ್ಲದು. ಇದೇ ಬಗೆಯ ಸಾಫ್ಟ್‌ವೇರುಗಳಾದ ಕ್ಯೂಬೇಸ್, ಏಬಲ್ಟನ್‌ಗಳ ಈಗಿನ ಆವೃತ್ತಿಗಳು 32 ಬಿಟ್ ಪ್ಲಗಿನ್ನನ್ನು ಒಳಗೆ ಸೇರಿಸುವುದೇ ಇಲ್ಲ. ಆದರೂ ಬ್ರಿಜ್ ನಂಬಿ ಕೂಡುವುದು ಬೇಡ ಎಂಬುದು ನನ್ನ ಅಭಿಪ್ರಾಯ. ರಿವರ್ಬಿಗೆ ಉಚಿತವಾಗಿಯೇ ವಲ್‌ಹಾಲಾ ಸೂಪರ್‌ಮ್ಯಾಸಿವ್ ಇದೆ, ರೀಪರ್ ಜೊತೆಯಲ್ಲೇ ಬರುವ ರೀವರ್ಬೇಟ್ ಇದೆ. ಬೈಠಕ್ಕಿನಲ್ಲಿ ಕೂತು ಹಾಡಿದಂತೆ ಕೇಳಬೇಕಿದ್ದರೆ ರೀವರ್ಬೇಟಿನಲ್ಲಿ ರೂಮ್ ಸೈಜ್ ಸಣ್ಣದು ಮಾಡಿ, ವೆಟ್ (ಗುಂಗಿನ ಪ್ರಮಾಣ) ಬಹಳ ಕಡಿಮೆ ಇಟ್ಟು ನೋಡಿರಿ. ಹಾಡಿನ ಅಕ್ಷರ ಮಸುಕಾದರೆ ಇನ್ನೂ ಕಡಿಮೆ ಮಾಡಿರಿ.

ಫೈಲು ಜಾಗಕ್ಕೆ ಬಂತು. ರೀಪರಿಗೆ ಅದನ್ನು ತೋರಿಸಬೇಕು. ಕಂಟ್ರೋಲ್ ಮತ್ತು ಪಿ ಒಟ್ಟಿಗೆ ಒತ್ತಿದರೆ ಪ್ರಿಫರೆನ್ಸಸ್ ತೆರೆಯುತ್ತದೆ. ಎಡಗಡೆ ಪ್ಲಗ್‌ಇನ್ಸ್ ಕೆಳಗೆ ವಿಎಸ್‌ಟಿ ಒತ್ತಿರಿ. ಮೇಲಿನ ಪಾತ್ ಪಟ್ಟಿಯಲ್ಲಿ ನಿಮ್ಮ ವಿಎಸ್‌ಟಿಪ್ಲಗಿನ್ಸ್ ಫೋಲ್ಡರ್ ಇಲ್ಲದಿದ್ದರೆ ಸೇರಿಸಿರಿ. ಇಡೀ ಸಿ ಡ್ರೈವ್ ಅಥವಾ ಡೌನ್‌ಲೋಡ್ಸ್ ಫೋಲ್ಡರನ್ನು ಮಾತ್ರ ಸೇರಿಸಬೇಡಿರಿ. ಸಂಬಂಧವಿಲ್ಲದ ನೂರಾರು ಡಿಎಲ್‌ಎಲ್ ತೆರೆಯಲು ಹೋಗಿ ಸ್ಕ್ಯಾನ್ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ರೀಸ್ಕ್ಯಾನ್ ಬಟನ್ ಒತ್ತಿದರೆ ಎರಡು ಆಯ್ಕೆ ಬರುತ್ತವೆ: ಹೊಸದನ್ನು, ಬದಲಾದದ್ದನ್ನು ಮಾತ್ರ ಹುಡುಕುವುದು ಒಂದು, ಕ್ಯಾಶ್, ಅಂದರೆ ಹಿಂದಿನ ಹುಡುಕಾಟದ ನೆನಪು, ಅಳಿಸಿ ಎಲ್ಲವನ್ನೂ ಮೊದಲಿನಿಂದ ಹುಡುಕುವುದು ಇನ್ನೊಂದು. ನಿಮಗೆ ಬೇಕಾದದ್ದು ಎರಡನೆಯದು. ಒಮ್ಮೆ ಪರೀಕ್ಷೆಯಲ್ಲಿ ಸೋತ ಪ್ಲಗಿನ್ನನ್ನು ರೀಪರ್ ನೆನಪಿಟ್ಟುಕೊಳ್ಳುತ್ತದೆ, ಫೈಲು ಬದಲಾಗದ ಹೊರತು ಮತ್ತೆ ಮುಟ್ಟುವುದಿಲ್ಲ. ನೀವು ಕಾರಣ ಸರಿಪಡಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಚಿಕ್ಕ ವಿಷಯ, ಬಹಳ ಮಂದಿ ಇಲ್ಲೇ ಎಡವುತ್ತಾರೆ. ಎಫ್‌ಎಕ್ಸ್ ಸೇರಿಸುವ ಕಿಟಕಿಯ ಫಿಲ್ಟರ್ ಪೆಟ್ಟಿಗೆಯಲ್ಲಿ ಹಿಂದಿನ ಸಲ ಟೈಪ್ ಮಾಡಿದ ಹೆಸರು ಹಾಗೆಯೇ ಉಳಿದಿರುತ್ತದೆ. ನೋವಾ ಎಂದು ಉಳಿದಿದ್ದರೆ ನೋವಾ ಒಂದೇ ಕಾಣುತ್ತದೆ! ಪೆಟ್ಟಿಗೆ ಖಾಲಿ ಮಾಡಿ, ಎಡಗಡೆ ಆಲ್ ಪ್ಲಗಿನ್ಸ್ ಆರಿಸಿ ಆಮೇಲೆ ಹುಡುಕಿರಿ. ಸಿಂಥ್ ಹುಡುಕುವಾಗ ವಿಎಸ್‌ಟಿಐ, ವಿಎಸ್‌ಟಿ3ಐ ಎಂಬ ಗುರುತಿನ ಕೆಳಗೆ ನೋಡಬೇಕು, ಬಾರಿಸುವ ವಾದ್ಯಗಳಿಗೆ ಕೊನೆಯಲ್ಲಿ ಆ ಐ ಅಕ್ಷರ ಸೇರಿರುತ್ತದೆ.

ಅಲ್ಲಿಯೂ ಸಿಂಥ್ ಇಲ್ಲದಿದ್ದರೆ ಕಾಮನ್ ಫೈಲ್ಸ್ ಒಳಗಿನ ವಿಎಸ್‌ಟಿ3 ಫೋಲ್ಡರ್ ತೆರೆದು ಅದರ ಫೈಲು ಇದೆಯೇ ನೋಡಿರಿ. ಇಲ್ಲವೆಂದರೆ ಇನ್‌ಸ್ಟಾಲರಿನಲ್ಲಿ ಸ್ಟ್ಯಾಂಡ್‌ಅಲೋನ್ (ತಾನೇ ಓಡುವ ಪ್ರೋಗ್ರಾಂ) ಅಥವಾ ಪ್ರೋ ಟೂಲ್ಸ್ ಎಂಬ ಬೇರೆ ಸಾಫ್ಟ್‌ವೇರಿನ ಎಎಎಕ್ಸ್ ಮಾತ್ರ ಆರಿಸಿರಬೇಕು. ಮತ್ತೆ ಓಡಿಸಿ ವಿಎಸ್‌ಟಿ3ರ ಚೌಕಕ್ಕೆ ಗುರುತು ಹಾಕಿರಿ. ಕೆಲವು ಪ್ಲಗಿನ್ನುಗಳಲ್ಲಿ ವಿಎಸ್‌ಟಿ3 ಎಂಬ ಕೊನೆಹೆಸರಿನದು ಫೈಲಲ್ಲ, ಫೋಲ್ಡರು. ಅದನ್ನು ಒಡೆದು ಒಳಗಿನದಷ್ಟನ್ನೇ ಹೊರಗೆಳೆಯಬೇಡಿರಿ, ಇಡಿಯಾಗಿ ಇರಲಿ.

ಫೈಲು ಅಲ್ಲೇ ಇದ್ದೂ ಪಟ್ಟಿಯಲ್ಲಿ ಬರುತ್ತಿಲ್ಲವೆಂದರೆ ಪರೀಕ್ಷೆಯಲ್ಲಿ ಸೋತಿದೆ. ಖಚಿತ ಮಾಡಿಕೊಳ್ಳಲು ರೀಪರಿನ ಆಪ್ಷನ್ಸ್ ಮೆನುವಿನಿಂದ ರಿಸೋರ್ಸ್ ಪಾತ್ ತೆರೆದು, ರೀಪರ್-ವಿಎಸ್‌ಟಿಪ್ಲಗಿನ್ಸ್64 ಎಂಬ ಐಎನ್‌ಐ ಫೈಲು ನೋಡಿರಿ. ಸರಿಯಾದ ಪ್ಲಗಿನ್ ಸಾಲಿನ ಕೊನೆಗೆ ಅದರ ಹೆಸರು ಇರುತ್ತದೆ, ಸೋತದ್ದರ ಸಾಲು ಸಂಖ್ಯೆಗಳಲ್ಲೇ ನಿಂತುಬಿಡುತ್ತದೆ. ಸೋಲಿಗೆ ಸಾಮಾನ್ಯ ಕಾರಣ ಮೈಕ್ರೋಸಾಫ್ಟಿನ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟೆಬಲ್ ಇಲ್ಲದಿರುವುದು. ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಡಿಎಲ್‌ಎಲ್ ಸಿಗುತ್ತಿಲ್ಲ ಎಂಬ ಎರರ್ ಕಂಡರೆ ಇದೇ. ಮೈಕ್ರೋಸಾಫ್ಟಿನ ತಾಣದಿಂದಲೇ ಎಕ್ಸ್64 ಆವೃತ್ತಿ ಹಾಕಿರಿ. ಆ ಡಿಎಲ್‌ಎಲ್ ಒಂದನ್ನೇ ಬಿಡಿಯಾಗಿ ಕೊಡುವ ತಾಣಗಳತ್ತ ಹೋಗಬೇಡಿರಿ. ಇನ್ನೊಂದು ಕಾರಣ ಪ್ರೊಸೆಸರಿನದು: ಹಳೆಯ ಸೆಲೆರಾನ್, ಪೆಂಟಿಯಂ ಚಿಪ್ಪುಗಳಲ್ಲಿ ಎವಿಎಕ್ಸ್ ಎಂಬ ಸೌಲಭ್ಯವಿಲ್ಲ, ಅದನ್ನು ಬೇಡುವ ಪ್ಲಗಿನ್ ಅವುಗಳ ಮೇಲೆ ತೆರೆಯುವುದೇ ಇಲ್ಲ. ಅದಕ್ಕೆ ಔಷಧ ಇಲ್ಲ, ಬೇರೆ ಪ್ಲಗಿನ್ ನೋಡಬೇಕು.

ಹಾರ್ಮೋನಿಯಂ ವಿಷಯ ಬೇರೆಯೇ. ಎಸ್‌ಎಫ್2 ಪ್ಲಗಿನ್ನೇ ಅಲ್ಲ, ಅದು ಧ್ವನಿಯ ಗಂಟು. ಬಿಚ್ಚಿ ನುಡಿಸಲು ಒಂದು ಪ್ಲೇಯರ್ ಬೇಕು. ಪ್ಲೋಗ್ ಕಂಪನಿಯ ಸ್ಫೋರ್ಜಾಂಡೋ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿ, ಒಂದು ಟ್ರ್ಯಾಕಿನಲ್ಲಿ ತೆರೆದು, ಎಸ್‌ಎಫ್2 ಫೈಲನ್ನು ಅದರ ಕಿಟಕಿಯ ಮೇಲೆ ಎಳೆದು ಬಿಡಿರಿ. ತನಗೆ ಬೇಕಾದ ಎಸ್‌ಎಫ್‌ಝಡ್ ರೂಪಕ್ಕೆ ತಾನೇ ಬದಲಿಸಿಕೊಳ್ಳುತ್ತದೆ. ಮುಂದೆ ಎಸ್‌ಎಫ್‌ಝಡ್ ರೂಪದ ತಬಲಾ, ತಂಬೂರಿ ಸಿಕ್ಕರೆ ಒಂದು ಎಚ್ಚರ: ಅದು ಬರೀ ಅಕ್ಷರದ ಫೈಲು, ಧ್ವನಿ ಪಕ್ಕದ ವೇವ್ ಫೈಲುಗಳಲ್ಲಿರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ ಮೌನ. ಇಂಥವಕ್ಕೆಲ್ಲ ಡಿ ಡ್ರೈವಿನಲ್ಲಿ ಒಂದೇ ಫೋಲ್ಡರ್ ಮಾಡಿ, ಒಮ್ಮೆ ಇಟ್ಟ ಮೇಲೆ ಸರಿಸಬೇಡಿರಿ. ಎನ್‌ಕೆಐ ಎಂಬ ಕೊನೆಹೆಸರಿದ್ದರೆ ಅದು ಕೊಂಟಾಕ್ಟ್ ಎಂಬ ಇನ್ನೊಂದು ಪ್ಲೇಯರಿನದು. ಉಚಿತ ಕೊಂಟಾಕ್ಟ್ ಪ್ಲೇಯರಿಗೆಂದು ಪರವಾನಗಿ ಪಡೆಯದ ಲೈಬ್ರರಿಗಳು ಅದರಲ್ಲಿ 15 ನಿಮಿಷ ನುಡಿದು ನಿಂತುಬಿಡುತ್ತವೆ.

ಬೇರೆಯವರ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ಎಲ್ಲ ಪ್ಲಗಿನ್ ತುಂಬಿಕೊಂಡು ಬರುವ ರೂಢಿ ನಮ್ಮ ಕಡೆ ಇದೆ. ಅದು ಬಹಳ ಸಲ ಕೆಲಸ ಮಾಡುವುದಿಲ್ಲ. ಇನ್‌ಸ್ಟಾಲರ್ ರಿಜಿಸ್ಟ್ರಿಯಲ್ಲಿ, ಪ್ರೋಗ್ರಾಂ ಡೇಟಾದಲ್ಲಿ, ಡಾಕ್ಯುಮೆಂಟ್ಸಿನಲ್ಲಿ ಬೇರೆ ಬೇರೆ ಕಡೆ ಬರೆದಿರುತ್ತದೆ, ಪರವಾನಗಿ ಆ ಯಂತ್ರಕ್ಕೋ, ಪರವಾನಗಿ ಕಾಯುವ ಐಲಾಕ್ ಎಂಬ ಸೇವೆಯ ಖಾತೆಗೋ ಕಟ್ಟಿಕೊಂಡಿರುತ್ತದೆ. ಕ್ರ್ಯಾಕ್ ಆಗಿದ್ದರಂತೂ ವಿಂಡೋಸಿನ ಕಾವಲುಗಾರ ಡಿಫೆಂಡರ್ ಅರ್ಧ ಫೈಲು ಕಿತ್ತುಹಾಕಿರುತ್ತದೆ, ಉಳಿದರ್ಧದಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಪ್ರಿಸೆಟ್ ಮಾತ್ರ ಕಾಣೆಯಾಗಿದ್ದರೆ ಒನ್‌ಡ್ರೈವ್ ನೋಡಿರಿ, ಡಾಕ್ಯುಮೆಂಟ್ಸ್ ಫೋಲ್ಡರನ್ನು ಅದು ತನ್ನೊಳಗೆ ಎಳೆದುಕೊಂಡಿರಬಹುದು.

ಮುಂದೆ ಬೇರೆ ಸಾಫ್ಟ್‌ವೇರ್ ಹಿಡಿದರೂ ಲೆಕ್ಕ ಇದೇ, ಬಟನ್ ಬೇರೆ. ಎಫ್‌ಎಲ್ ಸ್ಟುಡಿಯೋದಲ್ಲಿ ಆಪ್ಷನ್ಸ್ ಮೆನುವಿನ ಮ್ಯಾನೇಜ್ ಪ್ಲಗಿನ್ಸ್. ಏಬಲ್ಟನ್‌ನಲ್ಲಿ ಆಲ್ಟ್ ಹಿಡಿದು ರೀಸ್ಕ್ಯಾನ್. ಮ್ಯಾಕಿನ ಲಾಜಿಕ್ ವಿಎಸ್‌ಟಿ ಓದುವುದೇ ಇಲ್ಲ, ಅದಕ್ಕೆ ಆಡಿಯೋ ಯೂನಿಟ್ ರೂಪ ಬೇಕು.

ಪ್ಲಗಿನ್ ಬಂದ ಮೇಲೆ ಹಾಡುವಾಗ ನಿಮ್ಮ ದನಿ ಕಿವಿಗೆ ತಡವಾಗಿ ಬೀಳತೊಡಗಿದರೆ ಎರಡು ಕಾರಣ. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು, ಒಂದು: 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಅಂದರೆ 21ಕ್ಕೂ ಮೇಲೆ. ಇದು ಒಂದು ಕಡೆಯದು, ಒಳಗೆ ಬರುವಾಗ, ಹೊರಗೆ ಹೋಗುವಾಗ ಎರಡೂ ಸಲ ಸೇರುತ್ತದೆ. ರೆಕಾರ್ಡಿಂಗಿಗೆ 128, ಮಿಕ್ಸಿಂಗಿಗೆ 1024 ಇಟ್ಟುಕೊಳ್ಳಿರಿ, ಇಂಟರ್‌ಫೇಸ್ (ಮೈಕು ಜೋಡಿಸುವ ಪೆಟ್ಟಿಗೆ) ಇದ್ದರೆ ಅದರ ಸ್ವಂತ, ತಡ ಕಡಿಮೆ ಮಾಡುವ ಆಸಿಯೋ ಡ್ರೈವರನ್ನೇ ಬಳಸಿರಿ. ಎರಡನೆಯದು ಲೀನಿಯರ್ ಫೇಸ್ ಈಕ್ಯೂ, ಮುಂದಕ್ಕೆ ನೋಡುವ ಲಿಮಿಟರ್‌ನಂಥ ಪ್ಲಗಿನ್ನುಗಳು. ಅವು ಹುಟ್ಟಿನಿಂದಲೇ ತಡ ಮಾಡುತ್ತವೆ, ಹಾಡಿ ಮುಗಿಯುವವರೆಗೆ ಬೈಪಾಸ್ ಮಾಡಿ ಇಡಿರಿ.

ಖಯಾಲ್ ಹಾಡುತ್ತೀರಿ ಎಂದಿರಿ, ಅದಕ್ಕೆ ಇದೊಂದನ್ನು ಹೇಳಲೇಬೇಕು. ಆಟೋ ಟ್ಯೂನಿನಂಥ ಪಿಚ್ ತಿದ್ದುವ ಪ್ಲಗಿನ್ನನ್ನು ನಿಮ್ಮ ದನಿಯ ಟ್ರ್ಯಾಕಿಗೆ ಹಾಕಬೇಡಿರಿ. ಅದು ಪ್ರತಿ ಸ್ವರವನ್ನೂ ಪಿಯಾನೋದ ಹನ್ನೆರಡು ಮನೆಗಳಲ್ಲಿ ಒಂದಕ್ಕೆ ಎಳೆಯುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮೆಟ್ಟಿಲಾಗುತ್ತದೆ, ದರ್ಬಾರಿ ರಾಗದ ಗಾಂಧಾರದ ಆಂದೋಲನ ಸತ್ತೇ ಹೋಗುತ್ತದೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಹಾಡಿದ ಊರುಗಳಲ್ಲಿ ಕೂತು ಅದನ್ನು ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಶ್ರುತಿಗೆ ಹೊಂದಿಸಬೇಕಾದದ್ದು ಹಿನ್ನೆಲೆಯ ಆಧಾರ ಸ್ವರವನ್ನು. ತಂಬೂರಿ ಕೊಡುವ ಶುದ್ಧ ಗಾಂಧಾರ ಷಡ್ಜದಿಂದ 386 ಸೆಂಟ್ (ಒಂದು ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್), ಕೀಬೋರ್ಡಿನದು 400. ಆ 14 ಸೆಂಟ್ ಕಿವಿಗೆ ಚುಚ್ಚುತ್ತದೆ. ಸಿಂಥಿನಿಂದ ಆಧಾರ ಸ್ವರ ಹಿಡಿಯುವುದಿದ್ದರೆ ಸರ್ಜ್ ಎಕ್ಸ್‌ಟಿ ಹಾಕಿರಿ, ಉಚಿತ. ಸ್ವರಗಳ ಅಂತರ ಬರೆದಿಟ್ಟ ಸ್ಕಾಲಾ ರೂಪದ ಎಸ್‌ಸಿಎಲ್ ಫೈಲನ್ನು ಅದರ ಕಿಟಕಿಯ ಮೇಲೆ ಎಳೆದು ಬಿಟ್ಟರೆ ಶ್ರುತಿ ಬದಲಾಗುತ್ತದೆ. ಅದು ಷಡ್ಜವನ್ನು ನಡುವಿನ ಸಿ ಮೇಲೆ, ಅಂದರೆ ಬಿಳಿ ಒಂದರ ಮೇಲೆ ಹಿಡಿಯುತ್ತದೆ. ನೀವು ಕರಿ ಒಂದರಲ್ಲಿ, ಅಂದರೆ ಸಿ ಶಾರ್ಪಿನಲ್ಲಿ, ಹಾಡುವವರಾದರೆ ಜೊತೆಗೆ, ಯಾವ ಕೀಲಿಗೆ ಯಾವ ಸ್ವರ ಎಂದು ಹೇಳುವ ಕೆಬಿಎಂ ಫೈಲಿನಲ್ಲಿ ಸ್ಥಾನ ಬದಲಿಸಬೇಕು, ಇಲ್ಲವೆಂದರೆ ಬಿಳಿ ಒಂದರಲ್ಲೇ ನುಡಿಸಿ, ಆ ಧ್ವನಿಯನ್ನು ರೆಂಡರ್ ಮಾಡಿ, ಇಡಿಯಾಗಿ ಒಂದು ಸೆಮಿಟೋನ್ ಏರಿಸಿರಿ.